ಗೇಣುದ್ದದ ರಬ್ಬರಿಗಾಗಿ ಹಾಸನಕ್ಕೆ

ಮೊದಲು ಬಂದದ್ದು ವಾಸನೆ. ಮುಳ್ಳಯ್ಯನಗಿರಿ ಇಳಿದು ಕೈಮರದ ಕಡೆ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿದ್ದ ಅತ್ತೆ, "ಯಾರೋ ತೋಟದಲ್ಲಿ ಟಯರ್ ಸುಡ್ತಿದ್ದಾರೆ" ಎಂದರು. ಸುಡುತ್ತಿದ್ದದ್ದು ನಮ್ಮದೇ ಗಾಡಿ. ಬ್ರೇಕಿನಿಂದ ಕಾಲು ತೆಗೆದರೂ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ನಿಲ್ಲಿಸಿ ನೋಡಿದರೆ ಮುಂದಿನ ಎಡ ಚಕ್ರದ ಡ್ರಮ್ಮಿನಿಂದ ಸಣ್ಣಗೆ ಹೊಗೆ. ಅರ್ಧ ಗಂಟೆ ರಸ್ತೆ ಬದಿ ಕೂತೆವು. ಆಮೇಲೆ ಚಕ್ರ ತಾನಾಗಿಯೇ ಬಿಟ್ಟುಕೊಂಡಿತು, ಏನೂ ಆಗೇ ಇಲ್ಲ ಅನ್ನೋ ಹಾಗೆ.

ಗಾಡಿ ಅಪ್ಪನ ಕಾಲದ ಅಂಬಾಸಿಡರ್. ಬ್ರೇಕ್ ಜಾಮ್ ಅಂದರೆ ಊರಲ್ಲಿ ಎಲ್ಲರ ಬಾಯಲ್ಲೂ ಬರುವುದು ವೀಲ್ ಸಿಲಿಂಡರ್, ಫ್ಲೂಯಿಡಿನ ಒತ್ತಡದಿಂದ ಚಕ್ರದಲ್ಲಿ ಬ್ರೇಕ್ ಹಿಡಿಸುವ ಭಾಗ. ಬದಲಿಸಿದೆವು. ಮತ್ತೆ ಅದೇ ಕಥೆ. ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರ್ ಬದಲಿಸಿದೆವು. ಮತ್ತೂ ಅದೇ. ಕೊನೆಗೆ ಚಿಕ್ಕಮಗಳೂರಿನ ಹಳೆಯ ಮೆಕ್ಯಾನಿಕ್ ಒಬ್ಬರು ಎರಡು ಸ್ಪ್ಯಾನರ್ ಹಿಡಿದು ಐದು ನಿಮಿಷದಲ್ಲಿ ಕಳ್ಳನನ್ನು ಹಿಡಿದರು. ಚಕ್ರ ಜಾಮ್ ಆಗಿದ್ದಾಗಲೇ, ಬ್ರೇಕ್ ಫ್ಲೂಯಿಡನ್ನು ಚಕ್ರಕ್ಕೆ ಒಯ್ಯುವ ಹೋಸಿನ ಮೇಲ್ತುದಿಗೆ ಬರುವ ಲೋಹದ ಪೈಪಿನ ನಟ್ ಸಡಿಲ ಮಾಡಿದರು. ಚಕ್ರ ಅಲ್ಲಾಡಲಿಲ್ಲ. ಆಮೇಲೆ ಚಕ್ರದ ಹತ್ತಿರದ ಬ್ಲೀಡ್ ನಿಪ್ಪಲ್, ಅಂದರೆ ಫ್ಲೂಯಿಡ್ ಹೊರಬಿಡುವ ಸಣ್ಣ ತಿರುಪು, ಬಿಚ್ಚಿದರು. ಚುರ್ ಅಂತ ಫ್ಲೂಯಿಡ್ ಹಾರಿತು, ಚಕ್ರ ತಿರುಗಿತು. ಅಂದರೆ ಒತ್ತಡ ಸಿಕ್ಕಿಹಾಕಿಕೊಂಡದ್ದು ಈ ಎರಡು ಜಾಗಗಳ ನಡುವೆ. ಅಲ್ಲಿ ಇರುವುದು ಒಂದೇ ಒಂದು ವಸ್ತು: ಗೇಣುದ್ದದ ರಬ್ಬರ್ ಹೋಸ್. ಹೊರಗಿನಿಂದ ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲ.

ಪೆಡಲ್ ಒತ್ತಿದಾಗ ಆ ರಬ್ಬರಿನೊಳಗೆ ಏನಾಗುತ್ತದೆ ಅಂತ ಸ್ವಲ್ಪ ಲೆಕ್ಕ ಹಾಕೋಣ. ಕಾಲು 30 ಕೆಜಿಯಷ್ಟು ಒತ್ತುತ್ತದೆ ಅಂತ ಇಟ್ಟುಕೊಳ್ಳಿ. ಪೆಡಲ್ಲಿನ ಸನ್ನೆಕೋಲು ಅದನ್ನು ಐದು ಪಟ್ಟು ಮಾಡಿದರೆ 150 ಕೆಜಿ. ಅದು ಬೀಳುವುದು ಮಾಸ್ಟರ್ ಸಿಲಿಂಡರಿನ ಮುಕ್ಕಾಲು ಇಂಚಿನ ಪಿಸ್ಟನ್ ಮೇಲೆ. ಅದರ ವಿಸ್ತೀರ್ಣ ಮೂರು ಚದರ ಸೆಂಟಿಮೀಟರಿಗೂ ಸ್ವಲ್ಪ ಕಮ್ಮಿ. ಭಾಗಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ 50 ಕೆಜಿ ದಾಟುತ್ತದೆ. ಕಾರಿನ ಟಯರಿನಲ್ಲಿ ಇರುವುದು ಎರಡು ಕೆಜಿ ಆಸುಪಾಸು, ಅಂದರೆ ಇದು ಅದರ 25 ಪಟ್ಟು. ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ. 17ನೇ ಶತಮಾನದಲ್ಲಿ ಪಾಸ್ಕಲ್ ಹೇಳಿದ ಮಾತು ಇದು, ಹೈಸ್ಕೂಲಿನಲ್ಲಿ ನಾವೆಲ್ಲ ಉರು ಹೊಡೆದದ್ದೇ. ಹಾಗಾಗಿ ಗೇಣುದ್ದದ ರಬ್ಬರಿನ ಗೋಡೆಯೂ ಅಷ್ಟೇ ಒತ್ತಡ ತಡೆಯಬೇಕು.

ಒತ್ತುವಾಗ ಇಷ್ಟು ಬಲ. ಆದರೆ ಕಾಲು ತೆಗೆದ ಮೇಲೆ ಫ್ಲೂಯಿಡನ್ನು ವಾಪಸ್ ತಳ್ಳುವುದು ಡ್ರಮ್ಮಿನೊಳಗಿನ ಸ್ಪ್ರಿಂಗ್ ಮಾತ್ರ. ಅದರ ಬಲ ಇದರ ಮುಂದೆ ಏನೂ ಅಲ್ಲ. ನಮ್ಮ ಹೋಸಿನ ಒಳಪದರ ವಯಸ್ಸಾಗಿ ಉಬ್ಬಿಕೊಂಡಿತ್ತು. ಮೂರು ಮಿಲಿಮೀಟರ್ ಚಿಲ್ಲರೆ ಅಗಲದ ದಾರಿ ಅರ್ಧ ಆದರೆ ಹರಿವು ಅರ್ಧ ಆಗುವುದಿಲ್ಲ, 16ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಸಣ್ಣ ಕೊಳವೆಯಲ್ಲಿ ನಿಧಾನಕ್ಕೆ ಹರಿಯುವ ದ್ರವದ ಲೆಕ್ಕವೇ ಹಾಗೆ, ಅಗಲದ ನಾಲ್ಕನೇ ಘಾತ. ಕಾಲಿನ ಬಲಕ್ಕೆ ಅದು ಹೇಗೋ ನುಗ್ಗಿ ಹೋಗುತ್ತದೆ. ಸ್ಪ್ರಿಂಗಿನ ಬಲಕ್ಕೆ ವಾಪಸ್ ಬರುವುದಿಲ್ಲ. ಲೈನರ್ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ.

ಘಟ್ಟದಲ್ಲಿ ಇದು ಸುಮ್ನೆ ತಲೆನೋವಿನ ವಿಷಯ ಅಲ್ಲ. ಮುಳ್ಳಯ್ಯನಗಿರಿ 1930 ಮೀಟರ್. ಚಿಕ್ಕಮಗಳೂರು ಪೇಟೆ 1090 ಮೀಟರ್ ಸುಮಾರಿಗಿದೆ. ಮೇಲಿನಿಂದ ಪೇಟೆಗೆ 800 ಮೀಟರ್ ಇಳಿಯುತ್ತೇವೆ ಅಂತಿಟ್ಟುಕೊಂಡರೆ, ಜನ ಸೇರಿ 1400 ಕೆಜಿಯ ಗಾಡಿ ಕಳೆದುಕೊಳ್ಳಬೇಕಾದ ಶಕ್ತಿ 1 ಕೋಟಿ 10 ಲಕ್ಷ ಜೂಲ್ ಆಗುತ್ತದೆ. ಬಚ್ಚಲ ಹಂಡೆಯಲ್ಲಿ 35 ಲೀಟರ್ ನೀರು ಕುದಿಸುವಷ್ಟು ಶಾಖ. ಗೇರಿನಲ್ಲಿ ಇಳಿದರೆ ಒಂದಷ್ಟನ್ನು ಎಂಜಿನ್ ತಿನ್ನುತ್ತದೆ, ಗಾಳಿ ಸ್ವಲ್ಪ ತಿನ್ನುತ್ತದೆ. ಉಳಿದದ್ದೆಲ್ಲ ಡ್ರಮ್ಮಿಗೆ. ನಾಲ್ಕು ಡ್ರಮ್ ಹಂಚಿಕೊಳ್ಳಬೇಕಾದದ್ದನ್ನು ಒಂದೇ ಡ್ರಮ್ ಹೊತ್ತರೆ? ಇನ್ನೊಂದು ವಿಷಯ. ಹಳೆಯ ಗಾಡಿಗಳಲ್ಲಿ ಬಹುಪಾಲು ಸಿಂಗಲ್ ಸರ್ಕ್ಯೂಟ್, ಅಂದರೆ ನಾಲ್ಕೂ ಚಕ್ರಕ್ಕೆ ಫ್ಲೂಯಿಡಿನ ಒಂದೇ ಜಾಲ. ಮೂರು ಹೋಸುಗಳಲ್ಲಿ ಯಾವುದೇ ಒಂದು ಒಡೆದರೂ ನಾಲ್ಕು ಚಕ್ರದ ಬ್ರೇಕೂ ಹೋಯಿತು ಅಂತಲೇ ಲೆಕ್ಕ. ಕೈ ಬ್ರೇಕ್ ಮತ್ತು ದೇವರು.

ಸರಿ, ಹೊಸ ಹೋಸ್ ಬೇಕು. ಬೇಲೂರು ದಾರಿ ಹಿಡಿದು ಹಾಸನಕ್ಕೆ ಹೋದೆ. ಅಂಗಡಿಯಲ್ಲಿ ಮಾಡಿದ ಮೊದಲ ತಪ್ಪು, "ಅಂಬಾಸಿಡರ್ ಫ್ರಂಟ್ ಬ್ರೇಕ್ ಹೋಸ್ ಕೊಡಿ" ಅಂತ ಕೇಳಿದ್ದು. ಅವರು ಕೊಟ್ಟರು. ಅವರದ್ದು ತಪ್ಪು ಅಂತ ಪೂರ್ತಿ ಹೇಳಲಾರೆ. ಅಂಬಾಸಿಡರ್ ಅನ್ನುವುದು ಒಂದೇ ಬಗೆಯ ಗಾಡಿಯ ಹೆಸರಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿ, 1950ರ ದಶಕದ ಕೊನೆಯಿಂದ 2014ರವರೆಗೆ ಅದು ತಯಾರಾಯಿತು. ನಡುವೆ ಇಸುಜು ಎಂಜಿನ್ ಬಂತು, ಮುಂದೆ ಡಿಸ್ಕ್ ಬ್ರೇಕ್ ಬಂತು. ಹೊರಗಿನ ಮೈ ನೋಡಿದರೆ ಅಣ್ಣ ತಮ್ಮಂದಿರು. ಅದರ ಮೇಲೆ ಹಿಂದಿನ 40 ವರ್ಷಗಳಲ್ಲಿ ಯಾವ ಮೆಕ್ಯಾನಿಕ್ ಯಾವ ಗಾಡಿಯ ಸಾಮಾನು ಹಾಕಿದ್ದಾರೋ ಬಲ್ಲವರು ಯಾರು?

ಮನೆಗೆ ತಂದು ಹಾಕಿಸಿದೆ. ನಟ್ ಸಲೀಸಾಗಿ ಹೋಯಿತು. ತುಂಬಾ ಸಲೀಸಾಗಿ ಹೋಯಿತು, ಆಗಲೇ ಅನುಮಾನ ಬರಬೇಕಿತ್ತು. ಕೊನೆಗೆ ಟೈಟೂ ಆಯಿತು. ಅಂಗಳದಲ್ಲೇ ನಿಲ್ಲಿಸಿಕೊಂಡು ಪೆಡಲ್ ಜೋರಾಗಿ ಒತ್ತಿದೆ. ತಟ್ ಅಂತ ಸದ್ದಾಯಿತು, ಪೆಡಲ್ ನೆಲಕ್ಕೆ ಹೋಯಿತು. ನಟ್ ಹೋಸಿನಿಂದ ಕಿತ್ತುಕೊಂಡು ಆಚೆ ಬಂದಿತ್ತು. ಘಟ್ಟದಲ್ಲಿ ಅಲ್ಲ, ಅಂಗಳದಲ್ಲಿ. ಅದೊಂದು ಪುಣ್ಯ.

ಆಗಿದ್ದೇನು ಅಂದರೆ, ನಮ್ಮ ಗಾಡಿಯ ಲೋಹದ ಪೈಪಿನ ನಟ್ (ಎಳೆ, ಅಂದರೆ ಥ್ರೆಡ್, ಇದರ ಹೊರಮೈಯಲ್ಲಿರುತ್ತದೆ) 3/8 ಇಂಚಿನದ್ದು, ಇಂಚಿಗೆ 24 ಎಳೆ. ಹೊಸ ಹೋಸಿನ ಬಾಯಿ ಮೆಟ್ರಿಕ್, 10 ಮಿಲಿಮೀಟರ್, ಎಳೆಯಿಂದ ಎಳೆಗೆ 1 ಮಿಲಿಮೀಟರ್. ಈಗ ಲೆಕ್ಕ ನೋಡಿ. 3/8 ಇಂಚು ಅಂದರೆ 9.525 ಮಿಲಿಮೀಟರ್. ವ್ಯಾಸದಲ್ಲಿ ಅರ್ಧ ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲ, ಅದಕ್ಕೇ ನಟ್ ಒಳಗೆ ಹೋಗುತ್ತದೆ. ಆದರೆ ಎಳೆಯ ಹಿಡಿತವೇ ಅರ್ಧ ಮಿಲಿಮೀಟರ್ ಚಿಲ್ಲರೆ. ಪ್ರತಿ ಬದಿಯಲ್ಲಿ ಕಾಲು ಮಿಲಿಮೀಟರ್ ಹಿಡಿತ ಹೋದರೆ ಹೆಚ್ಚುಕಮ್ಮಿ ಅರ್ಧ ಹೋದಂತೆ. ಸಾಲದ್ದಕ್ಕೆ ಇಂಚಿಗೆ 24 ಅಂದರೆ ಎಳೆಯಿಂದ ಎಳೆಗೆ 1.058 ಮಿಲಿಮೀಟರ್. ಒಂದು ಎಳೆಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಎಂಟು ಎಳೆ ದಾಟುವಷ್ಟರಲ್ಲಿ ಅರ್ಧ ಎಳೆಯಷ್ಟು ಜಾರಿರುತ್ತದೆ. ನಾವು ಟೈಟ್ ಆಯಿತು ಅಂದುಕೊಂಡದ್ದು ಎಳೆಗೆ ಎಳೆ ಸಿಕ್ಕಿಕೊಂಡು ಕಚ್ಚಿದ್ದು, ಕೂತದ್ದಲ್ಲ.

ಎರಡು ಅಳತೆ ಪದ್ಧತಿ ಯಾಕೆ ಬೇಕಿತ್ತು ಅಂತ ಸಿಟ್ಟು ಬರುತ್ತದೆ. ಎರಡೇ ಅಲ್ಲ, ಇನ್ನೂ ಜಾಸ್ತಿ ಇವೆ. ಬ್ರಿಟನ್ನಿನಲ್ಲಿ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಎಳೆ ಸೂಚಿಸಿದರು. ಅಮೆರಿಕದಲ್ಲಿ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿ ಎಂದರು. ಎರಡನೇ ಮಹಾಯುದ್ಧದಲ್ಲಿ ಒಬ್ಬರ ಬೋಲ್ಟು ಇನ್ನೊಬ್ಬರ ನಟ್ಟಿಗೆ ಹೊಂದದೆ ಒದ್ದಾಡಿದ ಮೇಲೆ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಕೂತು ಒಪ್ಪಿಕೊಂಡದ್ದು ಯೂನಿಫೈಡ್ ಎಳೆ. ನಮ್ಮ 3/8 ಇಂಚಿನ ನಟ್ ಆ ವಂಶದ್ದು. ಪದ್ಮಿನಿ ಕಾರು ಇಟಲಿಯ ಫಿಯಟ್ ಮನೆಯದ್ದು, ಮೆಟ್ರಿಕ್. ಮೆಟ್ರಿಕ್ಕಿನಲ್ಲೇ 10 ಮಿಲಿಮೀಟರಿಗೆ ಎಳೆಯ ಅಂತರ 1, 1.25 ಅಂತ ಬೇರೆ ಬೇರೆ ಬಗೆ ಇವೆ. ಹಾಗಾಗಿ "ಹತ್ತರದ್ದು ಕೊಡಿ" ಅಂದರೂ ಸಾಲದು.

ಇದನ್ನು ಅಳೆಯಲು ಥ್ರೆಡ್ ಗೇಜ್ ಅಂತ ಸಿಗುತ್ತದೆ. ನಮ್ಮ ಮೆಕ್ಯಾನಿಕ್ಕಿನ ಹತ್ತಿರ ಅದಿರಲಿಲ್ಲ. ಅವರು ಹ್ಯಾಕ್ಸಾ ಬ್ಲೇಡ್ ತಂದರು. ಬ್ಲೇಡಿನ ಮೇಲೆ 24 ಅಂತ ಬರೆದಿರುತ್ತದೆ, ನೋಡಿದ್ದೀರಾ? ಇಂಚಿಗೆ 24 ಹಲ್ಲು! ಅದನ್ನು ನಟ್ಟಿನ ಎಳೆಯ ಮೇಲೆ ಉದ್ದಕ್ಕೆ ಇಟ್ಟರು. ಹಲ್ಲಿಗೆ ಹಲ್ಲು ಕೂತಿತು. ಒಂದು ಮೆಟ್ರಿಕ್ ನಟ್ ಹುಡುಕಿ ಅದರ ಮೇಲೆ ಇಟ್ಟರೆ ಮೊದಲ ಮೂರು ನಾಲ್ಕು ಹಲ್ಲು ಕೂರುತ್ತವೆ, ಆಮೇಲೆ ಮೆಲ್ಲಗೆ ಏರಿಕೊಳ್ಳುತ್ತವೆ. ಇಂಜಿನಿಯರಿಂಗ್ ಓದಿದ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೇ ಸಲ ಹಳೆಯ ಹೋಸ್, ನಟ್, ಬ್ಲೇಡು ಮೂರನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ಅಂಗಡಿಯಿಂದ ಅಂಗಡಿಗೆ ಅಲೆಯುವಾಗ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು. "ಜೆಸಿಬಿ ಹೋಸ್ ಕ್ರಿಂಪ್ ಮಾಡೋ ಕಡೆ ಹೋಗಿ ಸಾರ್, ಬೇಕಾದ ಉದ್ದಕ್ಕೆ ಮಾಡಿಕೊಡ್ತಾರೆ. ಮಣ್ಣು ಎತ್ತೋ ಹೋಸು, ನಿಮ್ಮ ಕಾರಿನ ಬ್ರೇಕ್ ಯಾವ ಲೆಕ್ಕ?" ಬಲದ ವಿಷಯದಲ್ಲಿ ಅವರು ಹೇಳಿದ್ದು ಸರಿ. ಆದರೂ ಆ ಹೋಸ್ ಹಾಕಬಾರದು.

ಕಾರಣ ತಿಳಿಯಲು ಹಲಸಿನ ಹಣ್ಣು ಬಿಡಿಸಿದ ಕೈ ನೆನಪು ಮಾಡಿಕೊಳ್ಳಿ. ಆ ಮೇಣ ಎಷ್ಟು ನೀರು ಸುರಿದರೂ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ಬಿಟ್ಟುಕೊಳ್ಳುತ್ತದೆ. ಎಣ್ಣೆ ಜಾತಿಯದ್ದು ಎಣ್ಣೆಯಲ್ಲಿ ಬೆರೆಯುತ್ತದೆ, ನೀರಿನ ಜಾತಿಯದ್ದು ನೀರಿನಲ್ಲಿ. ರಬ್ಬರಿನಲ್ಲೂ ಇದೇ ಜಾತಿಭೇದ. ಬ್ರೇಕ್ ಹೋಸಿಗೆ ಬಳಸುವ ಇಪಿಡಿಎಂ ರಬ್ಬರ್ ಎಣ್ಣೆ ಜಾತಿಯದ್ದು. ಬ್ರೇಕ್ ಫ್ಲೂಯಿಡ್ ಗ್ಲೈಕಾಲ್ ಈಥರ್, ಅದು ನೀರಿನ ಗೆಳೆಯ. ಹಾಗಾಗಿ ಎರಡೂ ಒಂದನ್ನೊಂದು ಮುಟ್ಟದೆ ವರ್ಷಗಟ್ಟಲೆ ಜೊತೆಗಿರುತ್ತವೆ. ಜೆಸಿಬಿ ಹೋಸಿನೊಳಗೆ ಓಡುವುದು ಖನಿಜ ತೈಲ. ಅದಕ್ಕಾಗಿ ಅದರ ಒಳಪದರ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್. ಅದರಲ್ಲಿ ಬ್ರೇಕ್ ಫ್ಲೂಯಿಡ್ ಹರಿಸಿದರೆ ರಬ್ಬರ್ ಅದನ್ನು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ನಮ್ಮ ಹಳೆಯ ಹೋಸಿಗೆ ಎಷ್ಟೋ ವರ್ಷಕ್ಕೆ ಬಂದ ಕಾಯಿಲೆ ಅದಕ್ಕೆ ಬೇಗನೆ ಬರುತ್ತದೆ.

ಉಲ್ಟಾ ತಪ್ಪೂ ಇದೆ, ಅದಕ್ಕೆ ಕಾರಣ ನಮ್ಮ ಮಾತು. ನಾವೆಲ್ಲ ಬ್ರೇಕ್ ಫ್ಲೂಯಿಡನ್ನು 'ಬ್ರೇಕ್ ಆಯಿಲ್' ಅನ್ನುತ್ತೇವೆ. ಆಯಿಲ್ ಅಲ್ವಾ ಅಂತ ಯಾರೋ ಎಂಜಿನ್ ಆಯಿಲ್ ಡಬ್ಬಿಯಿಂದ ನಾಲ್ಕು ಹನಿ ಹಾಕುತ್ತಾರೆ. ಹೋಸು, ಸಿಲಿಂಡರಿನೊಳಗಿನ ಬಟ್ಟಲಿನಂಥ ರಬ್ಬರ್ ಸೀಲು ಎಲ್ಲ ಒಟ್ಟಿಗೆ ಉಬ್ಬುತ್ತವೆ. ನಮ್ಮ ಕಡೆಯ ಮಳೆಯೂ ಸುಮ್ಮನಿರುವುದಿಲ್ಲ. ಫ್ಲೂಯಿಡ್ ಗಾಳಿಯ ತೇವವನ್ನು ಹೀರುತ್ತದೆ, ಹೋಸಿನ ಗೋಡೆ ದಾಟಿ ಬರುವ ತೇವವನ್ನೂ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಫ್ಲೂಯಿಡ್ ಹೊಸದರಲ್ಲಿ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿ. ಕುದಿದರೆ ಆವಿಯ ಗುಳ್ಳೆ, ಗುಳ್ಳೆ ಅದುಮಿಕೊಳ್ಳುತ್ತದೆ, ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ.

ಇನ್ನೊಂದು ಅಂಗಡಿಯಲ್ಲಿ ಅಟ್ಟದಿಂದ ಧೂಳು ಕೊಡವಿ ಒಂದು ಪ್ಯಾಕೆಟ್ ತೆಗೆದರು. ಬಣ್ಣ ಮಾಸಿದ ಲೇಬಲ್ಲು, ಸೀಲ್ ಒಡೆದಿಲ್ಲ. "ಒರಿಜಿನಲ್ ಸಾರ್, ಈಗ ಹುಡುಕಿದರೂ ಸಿಗಲ್ಲ." ಹಳೆ ಗಾಡಿಯ ಹುಚ್ಚು ಇರುವವರಿಗೆ ಇದು ಚಿನ್ನ ಸಿಕ್ಕ ಹಾಗೆ. ನನಗೂ ಕೈ ಹೋಯಿತು. ಆದರೆ ರಬ್ಬರಿಗೆ ಪ್ಯಾಕೆಟ್ಟಿನಲ್ಲೂ ವಯಸ್ಸಾಗುತ್ತದೆ. ಬಾಗಿಸಿ ನೋಡಿದರೆ ಬಾಗಿದ ಕಡೆ ಅಡ್ಡಡ್ಡ ಗೀರು ಬಿತ್ತು. ಗಾಳಿಯಲ್ಲಿರುವ ಅಷ್ಟಿಷ್ಟು ಓಝೋನ್ ಹಳೆಯ ಬಗೆಯ ರಬ್ಬರಿನ ಅಣುಸರಪಳಿಯನ್ನು ಜೋಡಿಬಂಧ ಇರುವ ಕಡೆ ಕತ್ತರಿಸುತ್ತದೆ. ಎಳೆತ ಎಲ್ಲಿದೆಯೋ ಅಲ್ಲಿ ಬಿರುಕು. ಇಪಿಡಿಎಂನ ಮುಖ್ಯ ಸರಪಳಿಯಲ್ಲಿ ಅಂಥ ಬಂಧ ಇಲ್ಲದ್ದರಿಂದ ಅದು ತಡೆದುಕೊಳ್ಳುತ್ತದೆ. ಎಂಜಿನ್ ಭಾಗ, ಲೈಟು, ಬ್ಯಾಡ್ಜು ಹಳೆಯದೇ ಇರಲಿ. ರಬ್ಬರ್ ಮಾತ್ರ ಹೊಸದೇ ಬೇಕು, ಮೇಲೆ ತಯಾರಾದ ತಿಂಗಳು ವರ್ಷ ಅಚ್ಚಾಗಿದ್ದರೆ ಇನ್ನೂ ಒಳ್ಳೆಯದು. ಮೇಲೆ ಸ್ಟೀಲ್ ನೇಯ್ಗೆ ಇರುವ ಟೆಫ್ಲಾನ್ ಹೋಸುಗಳನ್ನೂ ತೋರಿಸಿದರು. ಅವು ಒತ್ತಡಕ್ಕೆ ಕಡಿಮೆ ಹಿಗ್ಗುತ್ತವೆ ನಿಜ. ಡ್ರಮ್ ಬ್ರೇಕಿನ ಅಂಬಾಸಿಡರಿಗೆ ಅದು ಎತ್ತಿನಗಾಡಿಗೆ ಪವರ್ ಸ್ಟೇರಿಂಗ್ ಹಾಕಿದ ಹಾಗೆ, ನನ್ನ ಪ್ರಕಾರ.

ಕೊನೆಗೆ ಸಿಕ್ಕಿತು. ಎಳೆ ಬ್ಲೇಡಿಗೆ ಕೂತಿತು, ಪೈಪಿನ ತುದಿ ಕೂರುವ ಒಳಗಿನ ಕೋನವೂ ಹಳೆಯದರಂತೆಯೇ ಇತ್ತು, ಉದ್ದವೂ ಅಷ್ಟೇ. ಮುಂದಿನ ಎರಡೂ ಕಡೆಗೆ ಅದೇ ಹೋಸ್ ತೆಗೆದುಕೊಂಡೆ. ಮೊದಲು ವೀಲ್ ಸಿಲಿಂಡರಿನ ತುದಿಯನ್ನು ಹೊಸ ತಾಮ್ರದ ವಾಷರ್ ಹಾಕಿ ಬಿಗಿ ಮಾಡಿದರು. ಆಮೇಲೆ ಮೇಲಿನ ತುದಿ. ಲೋಹದ ಪೈಪಿನ ನಟ್ ತಿರುಗಿಸುವಾಗ ಹೋಸಿನ ಷಟ್ಕೋನವನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದೇ ಇದ್ದರು. ಹಿಡಿಯದಿದ್ದರೆ ಹೋಸ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಹೋಸಿನ ಉದ್ದಕ್ಕೆ ಬಣ್ಣದ ಗೆರೆ ಇರುವುದು ಅದಕ್ಕೇ. ಗೆರೆ ಸುತ್ತಿಕೊಂಡರೆ ಹೋಸ್ ತಿರುಚಿದೆ ಅಂತ ಅರ್ಥ. ಚಕ್ರ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ಜಾಕ್ ಮೇಲೆ ಜೋತುಬಿಟ್ಟು, ಕೆಳಗಿಳಿಸಿ, ಎಲ್ಲ ನೋಡಿದೆವು. ಎಲ್ಲೂ ಎಳೆಯಲಿಲ್ಲ, ಎಲ್ಲೂ ಉಜ್ಜಲಿಲ್ಲ.

ಬಿಚ್ಚಿದ ಹಳೆಯ ಹೋಸ್ ಎರಡನ್ನೂ ಆ ಸಂಜೆ ಜಗಲಿ ಮೇಲೆ ಕೂತು ನಡುವೆ ಕತ್ತರಿಸಿದೆ. ಕಾಫಿ ಮೂಟೆ ಹೊಲಿಯುವ ದಬ್ಬಣ ತೆಗೆದುಕೊಂಡು ಎಡಗಡೆಯದ್ದರೊಳಗೆ ತೂರಿಸಲು ನೋಡಿದೆ. ಅರ್ಧದಲ್ಲೇ ನಿಂತಿತು. ಒಂದು ದಿನವೂ ತೊಂದರೆ ಕೊಡದ ಬಲಗಡೆಯದ್ದರಲ್ಲಿ ಹೋಯಿತು, ತಡವರಿಸಿಕೊಂಡು.