ಕಾಡೂ ಸರ್ಕಾರದ್ದು, ರೈಲೂ ಸರ್ಕಾರದ್ದು: ಮತ್ತೆ ತಕರಾರು ಯಾಕೆ?

ಪ್ರಶ್ನೆ: ಕೇರಳದಿಂದ ಕರ್ನಾಟಕಕ್ಕೆ ಕಾಞಂಗಾಡ್–ಪಾಣತ್ತೂರು–ಕಾಣಿಯೂರು ರೈಲು ಮಾರ್ಗ ಬಂದರೆ ನಮ್ಮೂರ ಕಾಡಿನ ಜಾಗವನ್ನು ರೈಲ್ವೆಯವರು ಯಾರನ್ನೂ ಕೇಳದೆ ತಗೊಳ್ಳಬಹುದಾ? ಊರವರು ಕೇಸು ಹಾಕಿದರೆ ನಿಲ್ಲುತ್ತದಾ?

ಈ ಪ್ರಶ್ನೆಗೆ ಮದುವೆ ಊಟದ ಪಂಕ್ತಿಯಲ್ಲಿ ಕೂತು ಕೂಡ ಉತ್ತರ ಹೇಳಿದ್ದೇನೆ. ಇನ್ನೊಮ್ಮೆ ಹೇಳುತ್ತೇನೆ. ಕೇಳದೆ ತಗೊಳ್ಳುವ ಹಾಗಿಲ್ಲ. ಕೇಸು ಹಾಕಬಹುದು, ಆದರೆ ದಿನ ಎಣಿಸಿಕೊಂಡು ಹಾಕಬೇಕು.

ಇಷ್ಟು ಹೇಳಿದ ಕೂಡಲೇ ಒಬ್ಬರಾದರೂ, "ಅಲ್ಲ ಮಾರಾಯ್ರೆ, ಕಾಡೂ ಸರ್ಕಾರದ್ದು, ರೈಲೂ ಸರ್ಕಾರದ್ದು, ಮತ್ತೆ ಯಾರ ಅನುಮತಿ?" ಅನ್ನುತ್ತಾರೆ. ಈ ಮಾತು ಎಲ್ಲಿಂದ ಹುಟ್ಟಿತೋ, ಸಾಯುವುದೇ ಇಲ್ಲ. ಸರ್ಕಾರ ಅಂದರೆ ಒಂದೇ ಜೇಬು ಅಲ್ಲ. ಪಾಣತ್ತೂರಿನ ಆಚೆ ಈಚೆ ಇರುವ ಕಾಡು ರಾಜ್ಯದ ಅರಣ್ಯ ಇಲಾಖೆಯ ಕೈಯಲ್ಲುಂಟು. ರೈಲು ಕೇಂದ್ರದ ಒಂದು ಸಚಿವಾಲಯದ್ದು. ಕಾಡನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ 2ನೇ ಸೆಕ್ಷನ್ ಪ್ರಕಾರ ಕೇಂದ್ರದ ಒಪ್ಪಿಗೆ ಮೊದಲೇ ಬೇಕು. ಅದನ್ನು ಕೊಡುವುದು ಪರಿಸರ ಸಚಿವಾಲಯ, ರೈಲ್ವೆ ಅಲ್ಲ.

ಕಳೆದ ತಿಂಗಳು ಒಬ್ಬರು 1989ರ ರೈಲ್ವೆ ಕಾಯ್ದೆಯ 11ನೇ ಸೆಕ್ಷನ್ ಜೆರಾಕ್ಸ್ ಮಾಡಿಸಿ, ಮೊದಲ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ತಂದಿದ್ದರು. ಬೇರೆ ಕಾನೂನು ಏನೇ ಹೇಳಲಿ, ರೈಲ್ವೆಯವರು ಗುಡ್ಡ, ಹೊಳೆ, ರಸ್ತೆಯ ಮೇಲೆ ಕಟ್ಟಬಹುದು ಅಂತ ಅದರಲ್ಲಿ ಇರುವುದು ನಿಜ. ಆದರೆ ಗೆರೆ ಎಳೆದ ಸಾಲಿನ ಪಕ್ಕದಲ್ಲೇ ಭೂಸ್ವಾಧೀನದ ಕಾನೂನಿಗೆ ಒಳಪಟ್ಟು ಅಂತಲೂ ಉಂಟು. ಅದನ್ನು ಅವರು ಓದಿರಲಿಲ್ಲ. ಅದಕ್ಕಿಂತ ಸುಲಭದ ಪ್ರಶ್ನೆ ಇಲ್ಲಿದೆ: 11ನೇ ಸೆಕ್ಷನ್ ಒಂದೇ ಸಾಕಿದ್ದರೆ, ಕಾಡು ಸಿಕ್ಕಿದಲ್ಲೆಲ್ಲ ರೈಲ್ವೆಯವರೇ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಯಾಕೆ ಕಾಯುತ್ತಾರೆ? ಮೊದಲು ತಾತ್ವಿಕ ಒಪ್ಪಿಗೆ, ಆಮೇಲೆ ಬದಲಿ ಗಿಡ ನೆಡುವ ದುಡ್ಡು, ಕಾಡಿನ ಬೆಲೆ ಕಟ್ಟಿದ ದುಡ್ಡು, ಕೊನೆಗೆ ಅಂತಿಮ ಒಪ್ಪಿಗೆ. ಸುಮ್ನೆ ಹವ್ಯಾಸಕ್ಕೆ ಮಾಡುವ ಕೆಲಸವಾ ಇದು?

ರೈಲ್ವೆ ಸೋತದ್ದೂ ಉಂಟು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಘಟ್ಟದಲ್ಲಿ ಹಳಿ ಜೋಡಿ ಮಾಡಲು ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಒಪ್ಪಿತ್ತು. ಗೋವಾದ ಪರಿಸರ ಸಂಘಟನೆಯೊಂದು ತಕರಾರು ತೆಗೆಯಿತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಒಪ್ಪಿಗೆಯನ್ನೇ ರದ್ದು ಮಾಡಿತು. ಅಲ್ಲಿ ಅಭಯಾರಣ್ಯ ಇದ್ದದ್ದರಿಂದ ಮಂಡಳಿಯ ಒಪ್ಪಿಗೆ ಅನ್ನುವುದು ಇನ್ನೊಂದು ಮೆಟ್ಟಿಲು. ನಮ್ಮಲ್ಲೂ ಹಾಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ.

ಇನ್ನು ದಿನದ ಲೆಕ್ಕ. ರಾಜ್ಯ ಸರ್ಕಾರ ಕಾಡು ಬಿಟ್ಟುಕೊಡುವ ಆದೇಶ ಹೊರಡಿಸಿದರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ. ತಕ್ಕ ಕಾರಣ ಇದ್ದರೆ ಇನ್ನೂ 60 ದಿನದವರೆಗೆ ಬಿಡಬಹುದು. ಅಷ್ಟೇ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಫೈಲಿನಲ್ಲಿ ಇಟ್ಟುಕೊಂಡರೆ ದಿನ ನಿಲ್ಲುವುದಿಲ್ಲ. ಕೇರಳಕ್ಕೂ ಕರ್ನಾಟಕಕ್ಕೂ ಪೀಠ ಒಂದೇ, ಚೆನ್ನೈಯಲ್ಲಿ. ಪಾಣತ್ತೂರಿನವರೂ ಸುಳ್ಯದವರೂ ಒಂದೇ ರೈಲು ಹತ್ತಬೇಕು.

ಈಗ ಹೊಸ ಗಾಳಿಸುದ್ದಿ: ಅರಣ್ಯ ಕಾಯ್ದೆಯ 2023ರ ತಿದ್ದುಪಡಿಯಲ್ಲಿ ಗಡಿಯಿಂದ 100 ಕಿ.ಮೀ. ಒಳಗಿನ ಮಾರ್ಗಗಳಿಗೆ ವಿನಾಯಿತಿ, ನಾವು ಗಡಿನಾಡಿನವರು ಅಲ್ವಾ ಅಂತ. ಗಡಿನಾಡಿನವರು ಹೌದು, ಆದರೆ ಅದು ಕೇರಳ–ಕರ್ನಾಟಕದ ನಡುವಿನ ತಲಪಾಡಿ ಚೆಕ್‌ಪೋಸ್ಟಿನ ಗಡಿ. ಕಾಯ್ದೆ ಹೇಳುವುದು ಪರದೇಶದ ಗಡಿ, ಅದೂ ದೇಶದ ಭದ್ರತೆಗೆ ಬೇಕಾದ ಮಾರ್ಗಗಳ ವಿಷಯ. ಹಳಿ ಪಕ್ಕದ ಕಾಡಿನಲ್ಲಿ ಊರಿಗೆ ದಾರಿಗೆ ಬಿಡುವ ವಿನಾಯಿತಿ ಒಂದುಂಟು, ಅದು 0.10 ಹೆಕ್ಟೇರ್ ಮಾತ್ರ. ನಮ್ಮ ಲೆಕ್ಕದಲ್ಲಿ 25 ಸೆಂಟ್ಸ್‌ಗೂ ಚೂರು ಕಮ್ಮಿ. ಅದರಲ್ಲಿ ಸ್ಟೇಷನ್ ಯಾರ್ಡ್ ಕೂಡ ಆಗುವುದಿಲ್ಲ.

ಯಾರೂ ಕೇಳದಿದ್ದರೂ ಒಂದು ಹೇಳಬೇಕು. ಕಾಡಿಗಿಂತ ಜಾಸ್ತಿ ಜಗಳ ಆಗುವುದು ಕುಮ್ಕಿಯಲ್ಲಿ. ಅಜ್ಜನ ಕಾಲದಿಂದ ತೋಟಕ್ಕೆ ಸೊಪ್ಪು ತಂದ ಗುಡ್ಡ ನಮ್ಮದೇ ಅಂತ ನಂಬಿರುತ್ತೇವೆ. ಕುಮ್ಕಿ ಅಂದರೆ ವರ್ಗ ಜಾಗದವನಿಗೆ, ಅಂದರೆ ಸ್ವಂತ ಪಟ್ಟೆ ಜಾಗ ಇದ್ದವನಿಗೆ, ಪಕ್ಕದ ಸರ್ಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು, ಕಟ್ಟಿಗೆಗೆ ಇದ್ದ ಸವಲತ್ತು. ಸವಲತ್ತು ಬೇರೆ, ಹಕ್ಕುಪತ್ರ ಬೇರೆ. ಅದರ ಮೇಲೆ 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಮಾಲೀಕ ಯಾರೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಅದು ಕಾಡೇ ಅಂದಿತು. ಹಾಗಾಗಿ ನೀವು ಗುಡ್ಡ ಅನ್ನುವುದನ್ನು ಸರ್ವೆಯವರು ಕಾಡು ಅಂತ ಬರೆದುಕೊಂಡು ಹೋಗಬಹುದು.

ಪ್ರಶ್ನೆ ಕೇಳಿದವರು ಕೇಸಿನ ಮಾತು ಆಮೇಲೆ ಆಡಲಿ. ಮನೆಯ ಕಪಾಟಿನಲ್ಲಿ ಹಳೆಯ ಕನ್ನಡ ಅಡಂಗಲ್ (ಜಾಗದ ಲೆಕ್ಕದ ದಾಖಲೆ) ಇದ್ದರೆ ತೆಗೆದು ನೋಡಿ, ನಿಮ್ಮ ಸರ್ವೆ ನಂಬರಿನ ಎದುರು ವರ್ಗ ಅಂತ ಉಂಟಾ, ಸರ್ಕಾರಿ ಅಂತ ಉಂಟಾ. ಗೆದ್ದಲು ತಿಂದಿದ್ದರೆ ವಿಲ್ಲೇಜ್ ಆಫೀಸಿಗೆ ಹೋಗಿ. ಮಧ್ಯಾಹ್ನದ ಮೊದಲೇ ಹೋಗಿ.