ಬಿದ್ದ ಗುಡಿ, ನಿಂತ ಗುಡಿ: ಕಠ್ಮಂಡು ಕಣಿವೆಯ ಭೂಕಂಪಗಳು ಹೇಳುವ ಕಥೆ

ನೇಪಾಳದ ಕಠ್ಮಂಡು ಕಣಿವೆಯ ಊರಾದ ಭಕ್ತಪುರದಲ್ಲಿ ನ್ಯಾತಪೋಲ ಗುಡಿ ಎದ್ದದ್ದು 1702ರಲ್ಲಿ, ರಾಜ ಭೂಪತೀಂದ್ರ ಮಲ್ಲನ ಕಾಲದಲ್ಲಿ. ಇಟ್ಟಿಗೆ, ಮಣ್ಣಿನ ಗಾರೆ ಮತ್ತು ಮರದಿಂದ ಕಟ್ಟಿದ ಗುಡಿ, ಐದು ಚಾವಣಿ. 1934ರ ಮಹಾಕಂಪದಲ್ಲಿ ಅದರ ಮೇಲ್ಭಾಗಕ್ಕೆ ಪೆಟ್ಟು ಬಿತ್ತು, ಆದರೆ ಗುಡಿ ಉರುಳಲಿಲ್ಲ. 2015ರಲ್ಲಿಯೂ ನಿಂತೇ ಇತ್ತು. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಸಿಗುವ ದರ್ಬಾರ್ ಚೌಕದಲ್ಲಿ ವತ್ಸಲಾ ದುರ್ಗೆಯ ಕಲ್ಲಿನ ಶಿಖರ ಮಾತ್ರ ಕುಸಿದು ರಾಶಿಯಾಗಿತ್ತು. ಊರು ಒಂದೇ, ನೆಲ ನಡುಗಿದ್ದೂ ಒಂದೇ ಬಾರಿ. ಹಾಗಿದ್ದರೆ ಒಂದು ಬಿದ್ದು ಇನ್ನೊಂದು ನಿಂತದ್ದು ಏಕೆ?

2015ರ ಏಪ್ರಿಲ್ 25ರಂದು ಮಧ್ಯಾಹ್ನಕ್ಕೆ ನಾಲ್ಕು ನಿಮಿಷವಿರುವಾಗ, ಕಠ್ಮಂಡುವಿನ ವಾಯವ್ಯಕ್ಕಿರುವ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ 7.8 ತೀವ್ರತೆಯ ಭೂಕಂಪ ಹುಟ್ಟಿತು. ಸತ್ತವರು ಸುಮಾರು ಒಂಬತ್ತು ಸಾವಿರ. ಅಂದು ಶನಿವಾರ, ನೇಪಾಳದಲ್ಲಿ ವಾರದ ರಜೆ. ಸಾವಿರಾರು ಶಾಲಾ ಕೊಠಡಿಗಳು ಬಿದ್ದವು, ಒಳಗೆ ಮಕ್ಕಳಿರಲಿಲ್ಲ. ಈ ಒಂದು ಸಂಗತಿಯನ್ನು ನೆನೆದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಮೇ 12ರಂದು 7.3ರ ಇನ್ನೊಂದು ಕಂಪನ ಬಂದು ಅರೆಬಿರುಕು ಬಿಟ್ಟಿದ್ದನ್ನೂ ಕೆಡವಿತು.

ಕಣಿವೆಗೆ ಇದು ಹೊಸತಲ್ಲ. ಭಾರತದ ಭೂಫಲಕ ಹಿಮಾಲಯದ ಅಡಿಗೆ ನುಗ್ಗುತ್ತಲೇ ಇದೆ. ನೇಪಾಳದ ಭಾಗದಲ್ಲಿ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಷ್ಟು ಚಲನೆ ತಡೆದು ನಿಂತು ಒತ್ತಡ ಒಳಗೇ ಕೂಡುತ್ತದೆ, ತಡೆಯಲಾಗದಾಗ ನೆಲ ಒಮ್ಮೆಲೇ ಜಾರಿಬಿಡುತ್ತದೆ. ಸಾಲದ್ದಕ್ಕೆ ಕಣಿವೆ ಒಂದು ಕಾಲದಲ್ಲಿ ಸರೋವರವಾಗಿತ್ತು. ನೂರಾರು ಮೀಟರ್ ಆಳದ ಆ ಹೂಳಿನ ಮೇಲೆ ಊರುಗಳು ಕೂತಿವೆ. ಗಟ್ಟಿ ಬಂಡೆಯಲ್ಲಿ ಬೇಗ ಅಡಗುವ ಅಲೆ ಇಲ್ಲಿ ದೊಡ್ಡದಾಗುತ್ತದೆ, ಹೆಚ್ಚು ಹೊತ್ತು ತೂಗುತ್ತದೆ. 1255ರ ಕಂಪದಲ್ಲಿ ರಾಜ ಅಭಯ ಮಲ್ಲನೇ ಸತ್ತ. 1833ರಲ್ಲಿ ಮುಖ್ಯ ಕಂಪಕ್ಕೆ ಮುಂಚೆಯೇ ಸಣ್ಣ ನಡುಕಗಳು ಜನರನ್ನು ಮನೆಯಿಂದ ಹೊರಗೆ ತಂದಿದ್ದವು, ಅದರಿಂದ ಜೀವಗಳು ಉಳಿದವು. 1934ರ ಜನವರಿ 15ರದ್ದು ಬಿಹಾರವನ್ನೂ ನೆಲಸಮ ಮಾಡಿತು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದು ಗಾಂಧೀಜಿ ಅಂದದ್ದೂ, ಟ್ಯಾಗೋರರು ಅದನ್ನು ಬಲವಾಗಿ ವಿರೋಧಿಸಿದ್ದೂ ಆಗಲೇ.

2015ರ ಬೇರುಗಳನ್ನು ಹುಡುಕಬೇಕಾದದ್ದು 1934ರ ನಂತರದ ವರ್ಷಗಳಲ್ಲಿ ಎಂಬುದು ನನ್ನ ಎಣಿಕೆ. ಆಗ ಬಿದ್ದ ಎಲ್ಲ ಗುಡಿಗಳನ್ನೂ ಹಿಂದಿನಂತೆ ಕಟ್ಟುವ ಹಣ ನೇಪಾಳವನ್ನು ಆಳುತ್ತಿದ್ದ ರಾಣಾ ಮನೆತನದ ಬಳಿ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಕೆಲವನ್ನು ಗಾರೆ ಬಳಿದ ಗುಮ್ಮಟಗಳಾಗಿ ಮುಗಿಸಿದರು, ಕೆಲವನ್ನು ಹಾಗೇ ಬಿಟ್ಟರು. ಮಣ್ಣಿನ ಗಾರೆಯ ಗೋಡೆಗೆ ಬೇಕಾದದ್ದು ನಿರಂತರ ಆರೈಕೆ. ಚಾವಣಿಯಲ್ಲಿ ಹುಲ್ಲು ಬೆಳೆದರೆ ಹೆಂಚು ಸಡಿಲವಾಗುತ್ತದೆ, ನೀರು ಇಳಿಯುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಕಾಷ್ಠಮಂಡಪದ ಕಥೆ ಇದಕ್ಕೆ ಸಾಕ್ಷಿ. ಕಠ್ಮಂಡು ನಗರಕ್ಕೆ ಹೆಸರು ಕೊಟ್ಟ ಮಂಡಪ ಅದು. ಭೂಕಂಪದ ದಿನ ಅಲ್ಲಿ ರಕ್ತದಾನ ಶಿಬಿರ ನಡೆಯುತ್ತಿತ್ತು, ರಕ್ತ ಕೊಡಲು ಬಂದವರೇ ಅವಶೇಷಗಳಡಿ ಸಿಲುಕಿದರು. ಆಮೇಲೆ ನೇಪಾಳದ ಪುರಾತತ್ವ ಇಲಾಖೆ ಮತ್ತು ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯದ ತಜ್ಞರು ಅಡಿಪಾಯ ಅಗೆದರು. ಹನ್ನೆರಡನೆಯ ಶತಮಾನದ್ದೆಂದು ನಂಬಿದ್ದ ಕಟ್ಟಡದ ಬುನಾದಿ ಏಳನೆಯ ಶತಮಾನದಷ್ಟು ಹಳೆಯದಾಗಿತ್ತು, ಮೇಲಾಗಿ ಗಟ್ಟಿಯಾಗಿತ್ತು. ಆದರೆ ನಾಲ್ಕು ಮುಖ್ಯ ಕಂಬಗಳಲ್ಲಿ ಒಂದರ ಕೆಳಗೆ ಇರಬೇಕಾದ ಪೀಠಕಲ್ಲೇ ಇರಲಿಲ್ಲ. ಇಪ್ಪತ್ತನೆಯ ಶತಮಾನದ ದುರಸ್ತಿಯಲ್ಲಿ ಹಾಕಿದ ನೆಲಹಾಸು ಆ ಕೊರತೆಯನ್ನು ಮುಚ್ಚಿಬಿಟ್ಟಿತ್ತು. ಹಳೆಯ ಕುಶಲಿಗಳ ಕೆಲಸ ಸೋಲಲಿಲ್ಲ, ಸೋತದ್ದು ನಮ್ಮ ಕಾಲದ ದುರಸ್ತಿ.

ಹಾಗೆಂದು ಹಳೆಯದೆಲ್ಲ ಸರಿ, ಹೊಸದೆಲ್ಲ ತಪ್ಪು ಎನ್ನಲಾಗದು. 1934ರಲ್ಲಿ ಹಾಳಾದ ಭಕ್ತಪುರದ ಚ್ಯಾಸಿಲಿನ್ ಮಂಟಪವನ್ನು 1990ರ ಹೊತ್ತಿಗೆ ಜರ್ಮನ್ ನೆರವಿನಲ್ಲಿ ಮತ್ತೆ ಕಟ್ಟುವಾಗ ಒಳಗೆ ಉಕ್ಕಿನ ಚೌಕಟ್ಟು ಇಟ್ಟರು. ಪರಂಪರೆಗೆ ಅಪಚಾರ ಎಂಬ ಟೀಕೆ ಬಂತು. 2015ರಲ್ಲಿ ಅದು ಅಲುಗದೆ ನಿಂತಿತು.

ಕರ್ನಾಟಕ ಮೂಲದ ಭಟ್ಟರು ತಲೆಮಾರುಗಳಿಂದ ಪೂಜೆ ನಡೆಸಿಕೊಂಡು ಬಂದ ಪಶುಪತಿನಾಥನ ಮುಖ್ಯ ಗುಡಿಯೂ ಉಳಿಯಿತು. ಅದರ ಪಕ್ಕದ ಬಾಗಮತಿಯ ದಡದಲ್ಲಿ ಮಾತ್ರ ದಿನಗಟ್ಟಲೆ ಚಿತೆಗಳು ಆರಲಿಲ್ಲ.

ಮರುನಿರ್ಮಾಣದಲ್ಲಿ ಜಗಳ ಆಗಲೇಬೇಕಿತ್ತು, ಆಯಿತು. 1670ರಲ್ಲಿ ರಾಜ ಪ್ರತಾಪ ಮಲ್ಲ ಕಟ್ಟಿಸಿದ ಕಠ್ಮಂಡುವಿನ ರಾಣಿಪೋಖರಿ ಕೊಳಕ್ಕೆ ಕಾಂಕ್ರೀಟ್ ಹಾಕಲು ಹೊರಟಾಗ ನಗರದವರು ತಡೆದರು. ಕೊನೆಗೆ ಇಟ್ಟಿಗೆ, ಸುಣ್ಣದ ದಾರಿಗೇ ಬರಬೇಕಾಯಿತು. ಕೆಲಸದ ಷರತ್ತುಗಳು ಒಪ್ಪಿಗೆಯಾಗದೆ ಭಕ್ತಪುರ ನಗರಸಭೆ ದೊಡ್ಡ ಜರ್ಮನ್ ನೆರವನ್ನೇ ಬಿಟ್ಟುಕೊಟ್ಟು, ತನ್ನ ಬಡಗಿಗಳನ್ನೂ ಗಾರೆಯವರನ್ನೂ ನಂಬಿತು. ಕಾಷ್ಠಮಂಡಪವನ್ನು ಸ್ಥಳೀಯರ ಸಮಿತಿ ಮರದಲ್ಲೇ ಕಟ್ಟಿ 2022ರಲ್ಲಿ ಮುಗಿಸಿತು. ಇತ್ತ, ನೇಪಾಳದ ಪ್ರಧಾನಿಯಾಗಿದ್ದ ಭೀಮಸೇನ ಥಾಪಾ ಕಟ್ಟಿಸಿ, 1934ರ ನಂತರ ಮತ್ತೆ ಎದ್ದು, 2015ರಲ್ಲಿ ಒಳಗಿದ್ದವರೊಂದಿಗೆ ಕುಸಿದ ಧರಹರಾ ಗೋಪುರ ಈಗ ಕಾಂಕ್ರೀಟಿನದು. 2021ರ ಏಪ್ರಿಲ್‌ನಲ್ಲಿ ಅದರ ಉದ್ಘಾಟನೆ ಆಯಿತು.

ಕಟ್ಟುವುದು ಒಂದು ಸಲದ ಕೆಲಸ, ಕಾಯುವುದು ವರ್ಷ ವರ್ಷದ್ದು. ಕಣಿವೆಯ ಮೂಲ ಜನರಾದ ನೇವಾರರಲ್ಲಿ ಆ ಹೊಣೆ ಹೊತ್ತದ್ದು ಗುಠಿಗಳೆಂಬ ಸಮುದಾಯದ ದತ್ತಿ ಸಂಘಗಳು. ಗುಡಿಗೆಂದು ಬಿಟ್ಟ ಜಮೀನಿನ ಆದಾಯದಲ್ಲಿ ಪೂಜೆ, ಜಾತ್ರೆ, ಚಾವಣಿಯ ರಿಪೇರಿ ನಡೆಯುತ್ತಿತ್ತು. 1964ರಲ್ಲಿ ಗುಠಿ ಸಂಸ್ಥಾನವೆಂಬ ಸರ್ಕಾರಿ ಸಂಸ್ಥೆ ಹುಟ್ಟಿ ಆ ಜಮೀನಿನ ದೊಡ್ಡ ಪಾಲು ಸರ್ಕಾರದ ಕೈ ಸೇರಿತು, ಅನೇಕ ಗುಡಿಗಳ ಆರೈಕೆ ಅಲ್ಲಿಂದ ಸೊರಗಿತು. 2019ರಲ್ಲಿ ಉಳಿದ ಗುಠಿಗಳ ಮೇಲೂ ಹಿಡಿತ ಬಿಗಿಯಾಗುವಂಥ ಮಸೂದೆ ಬಂದಾಗ ಸಾವಿರಾರು ಜನ ಸಂಪ್ರದಾಯದ ಉಡುಪಿನಲ್ಲಿ, ವಾದ್ಯಗಳೊಡನೆ ಕಠ್ಮಂಡುವಿನ ಬೀದಿಗಿಳಿದರು. ಸರ್ಕಾರ ಮಸೂದೆಯನ್ನು ಹಿಂಪಡೆಯಿತು. ಆ ಜನ ಕಾಯಲು ಬಂದದ್ದು ಜಾತ್ರೆಯನ್ನಷ್ಟೇ ಅಲ್ಲ, ಪ್ರತಿ ಮಳೆಗಾಲ ಮುಗಿದ ಮೇಲೆ ಚಾವಣಿ ಹತ್ತಿ ಹುಲ್ಲು ಕೀಳುವ ಹಕ್ಕನ್ನು.