ನಾಲ್ಕು ಸಂಚಿಕೆ ಓದಿ, ಆಮೇಲೆ ಬೈಯಿರಿ

ನ್ಯೂಜೆರ್ಸಿಯಲ್ಲಿ ನನ್ನದೊಂದು ಕಾಮಿಕ್ ಅಂಗಡಿ ಇದೆ. ಇಲ್ಲಿ ಬುಧವಾರ ಹೊಸ ಪುಸ್ತಕ ಬರುವ ದಿನ. ಖಾಯಂ ಗಿರಾಕಿಗಳಿಗೆ ಒಬ್ಬೊಬ್ಬರಿಗೂ ಒಂದೊಂದು ಡಬ್ಬ, ಅದರ ಮೇಲೆ ಹೆಸರಿನ ಚೀಟಿ. ಬಂದ ಪುಸ್ತಕಗಳನ್ನು ಅವರವರ ಡಬ್ಬಕ್ಕೆ ಹಾಕಿಡುವುದು ನನ್ನ ಬೆಳಗಿನ ಕೆಲಸ.

ಮಾರ್ವೆಲ್ ಕಂಪನಿಯ 'ಫೆಂಟಾಸ್ಟಿಕ್ ಫೋರ್' ಅಂದರೆ ವಿಶೇಷ ಶಕ್ತಿ ಇರುವ ಒಂದು ಕುಟುಂಬದ ಕಾಮಿಕ್: ರೀಡ್, ಅವನ ಹೆಂಡತಿ ಸೂ, ಅವಳ ತಮ್ಮ ಜಾನಿ, ಗೆಳೆಯ ಬೆನ್. ಅದಕ್ಕೆ ಹೊಸ ಬರಹಗಾರ ಬರ್ತಾರೆ ಅಂತ ಸುದ್ದಿ ಬಂದರೆ ಸಾಕು, ಫೋನು ಶುರು. "ನನ್ನ ಡಬ್ಬದಿಂದ ಅದನ್ನು ತೆಗೆದುಬಿಡಿ." ಪುಸ್ತಕ ಇನ್ನೂ ಅಚ್ಚಿಗೇ ಹೋಗಿಲ್ಲ. ಒಂದು ಪುಟವನ್ನೂ ಯಾರೂ ಓದಿಲ್ಲ. ಇದು ನನಗೆ ನಿಜವಾಗಿಯೂ ಬೇಜಾರು ತರಿಸುವ ವಿಷಯ.

2022ರಲ್ಲಿ ಏನಾಯಿತು ನೋಡಿ. ನಾಲ್ಕು ವರ್ಷ ಬರೆದ ಡ್ಯಾನ್ ಸ್ಲಾಟ್ ಬಿಟ್ಟರು, ರಯನ್ ನಾರ್ತ್ ಬಂದರು. ನಾರ್ತ್ ಅಂದರೆ ನಗಿಸುವ ಕಥೆ ಬರೆದು ಹೆಸರು ಮಾಡಿದವರು. "ಇವರ ಕೈಗೆ ನಮ್ಮ ರೀಡ್, ಸೂ, ಬೆನ್, ಜಾನಿ ಸಿಕ್ಕರೆ ಮುಗೀತು" ಅಂದವರೇ ಜಾಸ್ತಿ. ನವೆಂಬರ್‌ನಲ್ಲಿ ಮೊದಲ ಸಂಚಿಕೆ ಬಂತು. ಅದರಲ್ಲಿ ಬೆನ್ ಮತ್ತು ಅವನ ಹೆಂಡತಿ ಅಲಿಶಿಯಾ ಇಬ್ಬರೇ. ಕಾರಿನಲ್ಲಿ ಹೋಗುತ್ತಾ ಒಂದು ಸಣ್ಣ ಊರಿಗೆ ಬರುತ್ತಾರೆ. ಅಲ್ಲಿ ಒಂದೇ ದಿನ ಮತ್ತೆ ಮತ್ತೆ ನಡೆಯುತ್ತಿರುತ್ತದೆ. ಉಳಿದವರ ಸುಳಿವಿಲ್ಲ. ಎರಡನೆಯದರಲ್ಲಿ ರೀಡ್ ಮತ್ತು ಸೂ, ಮೂರನೆಯದರಲ್ಲಿ ಜಾನಿ. ಎಲ್ಲರೂ ಯಾಕೆ ಚದುರಿಹೋಗಿದ್ದಾರೆ, ಮನೆಯ ಮಕ್ಕಳು ಎಲ್ಲಿ, ಅದು ಗೊತ್ತಾಗುವುದು ನಾಲ್ಕನೆಯದರಲ್ಲಿ. ಇನ್ನೂ ಓದದವರು ಮುಂದಿನ ಸಾಲು ಬಿಟ್ಟು ಓದಿ. ಅಪಾಯ ತಪ್ಪಿಸಲು ರೀಡ್ ತಾವಿದ್ದ ಕಟ್ಟಡವನ್ನೇ ಕಾಲದಲ್ಲಿ ಒಂದು ವರ್ಷ ಮುಂದಕ್ಕೆ ಕಳಿಸಿಬಿಟ್ಟಿರುತ್ತಾನೆ, ಮಕ್ಕಳು ಅದರೊಳಗೇ ಇರುತ್ತಾರೆ.

ಅಂದರೆ ಮೊದಲ ಸಂಚಿಕೆ ಓದಿ "ಇದರಲ್ಲಿ ಕುಟುಂಬವೇ ಇಲ್ವಲ್ಲ" ಅಂದವರು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ಬರಹಗಾರರಿಗೆ ಬೇಕಾಗಿದ್ದೂ ಆ ಪ್ರಶ್ನೆಯೇ. ಆದರೆ ಇವರು ಉತ್ತರ ಬರುವ ಮೊದಲೇ ಎದ್ದು ಹೋದರು.

ಇಲ್ಲಿ ಅಂಗಡಿಯ ಲೆಕ್ಕ ಸ್ವಲ್ಪ ಹೇಳಬೇಕು. ಎಷ್ಟು ಸಲ ಹೇಳಿದರೂ ಇದು ಜನರ ತಲೆಗೆ ಹೋಗುವುದಿಲ್ಲ. ಪುಸ್ತಕ ಬರುವ ಸುಮಾರು ಎರಡು ತಿಂಗಳು ಮೊದಲೇ ನಾನು ಆರ್ಡರ್ ಹಾಕಿರಬೇಕು. ಅದನ್ನು ಹೆಚ್ಚು ಕಡಿಮೆ ಮಾಡಲು, ಪುಸ್ತಕ ಬರಲು ಇನ್ನೂ ಮೂರು ವಾರ ಇದೆ ಅನ್ನುವವರೆಗೆ ಅವಕಾಶ. ಆಮೇಲೆ ಬಂದದ್ದೆಲ್ಲಾ ನನ್ನದೇ. ಉಳಿದರೆ ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ. ಸಂಚಿಕೆ ಬರುವುದು ಸುಮಾರಾಗಿ ತಿಂಗಳಿಗೊಂದು. ಹಾಗಾದರೆ ಯೋಚಿಸಿ. ನೀವು ಮೊದಲ ಸಂಚಿಕೆ ಓದಿ ಸಿಟ್ಟಾದ ದಿನ, ಎರಡನೆಯದರ ಲೆಕ್ಕ ಮುಗಿದಿರುತ್ತದೆ, ಇಲ್ಲಾ ಮುಗಿಯುವುದರಲ್ಲಿರುತ್ತದೆ. ಮೂರನೆಯದರ ಆರ್ಡರ್ ಹೋಗಿರುತ್ತದೆ, ಅದನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಬಹುದು ಅಷ್ಟೆ. ನಿಮ್ಮ ಸಿಟ್ಟು ಪೂರ್ತಿ ಹೋಗಿ ತಟ್ಟುವುದು ನಾಲ್ಕನೆಯದಕ್ಕೆ. ಅದನ್ನೇ ಅಂಗಡಿಯವರು ಕಡಿಮೆ ತರಿಸುತ್ತಾರೆ. ಇಲ್ಲಿ ಉತ್ತರ ಇದ್ದದ್ದೂ ಅದರಲ್ಲೇ. ಬರಹಗಾರರು ಅದನ್ನು ಯಾವಾಗಲೋ ಬರೆದು ಕೊಟ್ಟಾಗಿರುತ್ತದೆ. ನಿಮ್ಮ ಮಾತು ಕೇಳಿ ತಿದ್ದುವ ಕಾಲ ಮುಗಿದಿರುತ್ತದೆ.

ನಮ್ಮ ಕಡೆ ಯಕ್ಷಗಾನದಲ್ಲಿ ಅರ್ಧ ರಾತ್ರಿಗೆ ಭಾಗವತರು ಬದಲಾಗುತ್ತಾರೆ. ಹೊಸಬರು ಕೂತು ಮೊದಲ ಪದ ಹೇಳುವಾಗಲೇ ಚಾಪೆ ಮಡಚಿಕೊಂಡು ಹೊರಟವರನ್ನು ನಾನಂತೂ ನೋಡಿಲ್ಲ. ಬೈಯುವವರೂ ಬೆಳಗಾದ ಮೇಲೆ, ಬಸ್ಸಿಗೆ ಕಾಯುತ್ತಾ ಬೈಯುತ್ತಿದ್ದರು.

ಎಲ್ಲ ಬರಹಗಾರರೂ ನಾಲ್ಕನೆಯದಕ್ಕೇ ದಡ ಸೇರಿಸುತ್ತಾರೆ ಅಂತ ನಾನು ಮಾತು ಕೊಡಲಾರೆ. ಆರು ಓದಿದರೂ ರುಚಿಸದ ಕಥೆಗಳಿವೆ. ಓದಿ, ಹಿಡಿಸದಿದ್ದರೆ ಬಿಡಿ. ದುಡ್ಡು ನಿಮ್ಮದು.

"ಓದುಗರು ಗಲಾಟೆ ಮಾಡಿದರೆ ಕೆಲಸ ಆಗುತ್ತೆ, 2003ರಲ್ಲಿ ಆಗಲಿಲ್ವಾ?" ಅಂತ ಕೆಲವರು ಕೇಳುತ್ತಾರೆ. ಆಯಿತು, ನಿಜ. ಆಗ ಬರೆಯುತ್ತಿದ್ದವರು ಮಾರ್ಕ್ ವೇಯ್ಡ್, ಚಿತ್ರ ಮೈಕ್ ವಿಯರಿಂಗೋ ಅವರದು. 2002ರಲ್ಲಿ ಅವರ ಮೊದಲ ಸಂಚಿಕೆಯನ್ನು ಬರೀ 9 ಸೆಂಟ್‌ಗೆ ಮಾರಿದ್ದರು. ಮರುವರ್ಷ ವೇಯ್ಡ್ ಅವರನ್ನು ತೆಗೆಯುವ ಸುದ್ದಿ ಬಂತು. ಓದುಗರು ಸುಮ್ಮನಿರಲಿಲ್ಲ. ಕೊನೆಗೆ ಮಾರ್ವೆಲ್ ಅವರನ್ನೇ ವಾಪಸ್ ಕರೆಯಿತು. ಆದರೆ ಆ ಜನ ಓದಿ, ಮೆಚ್ಚಿ, ಆಮೇಲೆ ದನಿ ಎತ್ತಿದವರು. ಓದದೆ ಡಬ್ಬ ಖಾಲಿ ಮಾಡಿಸುವುದಕ್ಕೂ ಅದಕ್ಕೂ ಹೋಲಿಕೆ ಬೇಡ.

ಹಾಗೆ ವಾಪಸ್ ಬಂದ ಮೇಲೆ, 2004ರಲ್ಲಿ, ಈ ಜೋಡಿ ಒಂದು ಕಥೆ ಮಾಡಿತು. ಸತ್ತ ಬೆನ್‌ನನ್ನು ಹುಡುಕಿಕೊಂಡು ಉಳಿದವರು ಸ್ವರ್ಗಕ್ಕೆ ಹೋಗುತ್ತಾರೆ. ಅಲ್ಲಿ ದೇವರು ಮೇಜಿನ ಮುಂದೆ ಕೂತು ಚಿತ್ರ ಬರೆಯುತ್ತಿರುತ್ತಾನೆ. ನೋಡಿದರೆ ಅದು ಚಿತ್ರಕಾರ ಜ್ಯಾಕ್ ಕರ್ಬಿ. ಬರಹಗಾರ ಸ್ಟ್ಯಾನ್ ಲೀ ಜೊತೆ 1961ರಲ್ಲಿ ಈ ಕುಟುಂಬವನ್ನು ಹುಟ್ಟಿಸಿ, ಒಟ್ಟಿಗೆ ನೂರಕ್ಕೂ ಹೆಚ್ಚು ಸಂಚಿಕೆ ಮಾಡಿದವರು. ಆ ಪುಟ ತೆರೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ವಿಯರಿಂಗೋ 2007ರಲ್ಲಿ, ಬರೀ 44ಕ್ಕೆ ತೀರಿಕೊಂಡರು.

ಜನ ಯಾಕೆ ಇಷ್ಟು ಹಚ್ಚಿಕೊಳ್ಳುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಬೇರೆ ಹೀರೋಗಳು ಮುಖವಾಡ ಹಾಕಿಕೊಂಡು ಒಬ್ಬರೇ ಓಡಾಡುತ್ತಾರೆ. ಇವರಿಗೆ ಮದುವೆ ಆಯಿತು, ಮಗ ಹುಟ್ಟಿದ, ಮನೆಯಲ್ಲಿ ಜಗಳ ನಡೆಯುತ್ತೆ. ಓದುವವರಿಗೆ ಇವರು ನೆಂಟರ ಹಾಗೆ. ನೆಂಟರ ಮನೆಯ ವಿಷಯ ಹೊಸಬರು ಬಂದು ಹೇಳಿದರೆ ಕಸಿವಿಸಿ ಆಗುತ್ತೆ, ಅಲ್ವಾ?

ನನ್ನ ಗಿರಾಕಿಗಳಲ್ಲಿ ಬಸ್ ಓಡಿಸಿ ನಿವೃತ್ತರಾದವರೊಬ್ಬರಿದ್ದಾರೆ. ನಾರ್ತ್ ಅವರ ಮೊದಲ ಸಂಚಿಕೆಯನ್ನು ಅಂಗಡಿಯಲ್ಲೇ ಓದಿ, ಕೌಂಟರ್ ಮೇಲೆ ಮಗುಚಿಟ್ಟು, "ಸಾಕು" ಅಂದರು. ನಾನು ಮುಂದಿನ ಮೂರನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹಿಂದೆ ಬಿಳಿ ರಟ್ಟು ಕೊಟ್ಟು, ಅವರ ಡಬ್ಬದಲ್ಲೇ ಇಟ್ಟೆ. ಬೇಸಿಗೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಬಂದಾಗ ಕೊಟ್ಟೆ. ಮೊಮ್ಮಗಳು ಅತ್ತ ಬೇರೆ ಪುಸ್ತಕ ನೋಡುತ್ತಿದ್ದಳು, ಇವರು ನಿಂತಲ್ಲೇ ಮೂರನ್ನೂ ಓದಿದರು. ನಾಲ್ಕನೆಯದರಲ್ಲಿ ಮಕ್ಕಳ ವಿಷಯ ಗೊತ್ತಾಗುವ ಪುಟಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಮಕ್ಕಳು ಬರುವುದು ಯಾವ ಸಂಚಿಕೆಯಲ್ಲಿ?" ಅಂತ ಕೇಳಿದರು.

ನಾನು ಹೇಳಲಿಲ್ಲ. ಆವತ್ತಿನಿಂದ ತಪ್ಪದೆ ತಗೊಳ್ಳುತ್ತಿದ್ದಾರೆ. ಈಗಲೂ ಹಳಬರೇ ವಾಸಿ ಅಂತ ನನ್ನ ಜೊತೆ ವಾದ ಮಾಡುತ್ತಾರೆ. ಅವರ ಲೆಕ್ಕದಲ್ಲಿ ಹಳಬರು ಅಂದರೆ ಜಾನ್ ಬರ್ನ್, 1981ರಲ್ಲಿ ಇದೇ ಪುಸ್ತಕಕ್ಕೆ ಹೊಸ ಬರಹಗಾರರಾಗಿ ಬಂದವರು.